ಮುಕ್ತ ತಂತ್ರಾಂಶಗಳಲ್ಲಿ ಸಾಧನಗಳ ಹೆಸರಿಡುವಿಕೆ: ಕನ್ನಡ ಕೀಲಿಮಣೆಯ ನಿದರ್ಶನ

ಗಣಕಕ್ಕೆ ಜೋಡಿಸಿದ ಕೀಲಿಮಣೆ, ಡಿಸ್ಕು, ನೆಟ್‌ವರ್ಕ್ ಕಾರ್ಡು, ಪ್ರಿಂಟರು, ಮೊಬೈಲ್ ಫೋನು ಮೊದಲಾದ ಸಾಧನಗಳಿಗೂ ಅವುಗಳನ್ನು ಬಳಸಲು ಬೇಕಾಗುವ ಕೀಲಿವಿನ್ಯಾಸ, ಫಾಂಟು, ಭಾಷಾಸಂಕೇತಗಳಿಗೂ ಪರಸ್ಪರ ಸಂಬಂಧವುಳ್ಳ ಹಲವು ತಂತ್ರಾಂಶಗಳು ಒಂದೇ ಕ್ರಮವನ್ನು ಅನುಸರಿಸಿ ಹೆಸರು ಕೊಡುವುದನ್ನು ಸಾಧನಗಳ ಏಕರೂಪ ಹೆಸರಿಡುವಿಕೆ ಎನ್ನಬಹುದು. ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಓದಿ, ತಿದ್ದಿ, ಮರುಹಂಚಲು ಅನುಮತಿಯಿರುವಂತೆ ಆಕರಸಂಕೇತವನ್ನು ಬಹಿರಂಗವಾಗಿಟ್ಟಿರುವ ತಂತ್ರಾಂಶ. ಇಂತಹ ತಂತ್ರಾಂಶಗಳಿಗೆ ಒಬ್ಬನೇ ಯಜಮಾನನಿಲ್ಲ. ಲಿನಕ್ಸ್ ಆಧಾರಿತ ಒಂದು ಗಣಕದಲ್ಲಿ ತಿರುಳು (ಕರ್ನೆಲ್) ಒಂದು ಗುಂಪಿನದು, ಕೀಲಿಮಣೆಯ ನಕ್ಷೆ ಇನ್ನೊಂದು ಗುಂಪಿನದು, ಅಕ್ಷರ ಮೂಡಿಸುವ ವಿಧಾನ ಮತ್ತೊಂದರದು, ಇವೆಲ್ಲವನ್ನೂ ಕೂಡಿಸಿ ಬಳಕೆದಾರರಿಗೆ ತಲುಪಿಸುವ ಡೆಬಿಯನ್, ಫೆಡೋರಾದಂಥ ವಿತರಣೆಗಳು ಬೇರೆಯವೇ ಆಗಿರುತ್ತವೆ. ಹೀಗಿರುವಾಗ ಒಂದು ಯೋಜನೆ ಇನ್ನೊಂದಕ್ಕೆ ಒಂದು ಸಾಧನವನ್ನು ಒಪ್ಪಿಸುವುದು ಹೆಸರಿನ ಮೂಲಕವೇ ಆದ್ದರಿಂದ, ಹೆಸರು ಹೊಂದದಿದ್ದರೆ ಸಾಧನ ಚೆನ್ನಾಗಿಯೇ ಇದ್ದರೂ ಕೆಲಸ ನಿಲ್ಲುತ್ತದೆ.

ಈ ವಿಷಯದಲ್ಲಿ ಎರಡು ಬಗೆಯ ಹೆಸರುಗಳನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಯಂತ್ರಗಳು ತಮ್ಮೊಳಗೆ ಬಳಸಿಕೊಳ್ಳುವ, ಬದಲಾಗಬಾರದ ಹೆಸರು ಒಂದು. ಅದನ್ನು ಗುರುತು ಎನ್ನಬಹುದು. ಮನುಷ್ಯರು ಪರದೆಯ ಮೇಲೆ ಓದುವ, ಭಾಷೆಗೂ ಕಾಲಕ್ಕೂ ತಕ್ಕಂತೆ ಬದಲಾಗಬಹುದಾದ ಹೆಸರು ಇನ್ನೊಂದು, ಅದು ತೋರುಹೆಸರು. ಇವೆರಡರ ನಡುವಿನ ಭೇದ ಊರಿನ ಹೆಸರುಗಳಲ್ಲಿ ಸುಲಭವಾಗಿ ಕಾಣುತ್ತದೆ. ದಕ್ಷಿಣ ಬೆಂಗಳೂರಿನಲ್ಲಿ ಹೊಸೂರು ರಸ್ತೆಗೆ ಸಮೀಪದಲ್ಲಿರುವ ಬೇಗೂರು ಒಂದಾದರೆ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅದೇ ಹೆಸರಿನ ಇನ್ನೊಂದು ಊರಿದೆ, ಸ್ಪೇನಿನ ಕ್ಯಾಟಲೋನಿಯಾದ ಕಡಲತೀರದಲ್ಲಿ ರೋಮನ್ ಲಿಪಿಯಲ್ಲಿ ಹಾಗೆಯೇ ಬರೆಯುವ ಮತ್ತೊಂದು ಪಟ್ಟಣವಿದೆ. ದಕ್ಷಿಣ ಬೆಂಗಳೂರಿನ ಬೇಗೂರನ್ನೇ ಗಂಗರ ಕಾಲದ ವೀರಗಲ್ಲೊಂದು ಬೆಂಪೂರು ಎಂದು ಕರೆದು, ಅದಕ್ಕೆ ಸೇರಿದ ಹನ್ನೆರಡು ಹಳ್ಳಿಗಳ ದತ್ತಿಯನ್ನು ದಾಖಲಿಸಿದೆ. ಒಂದೇ ಹೆಸರಿಗೆ ಮೂರು ಊರು, ಒಂದೇ ಊರಿಗೆ ಎರಡು ಹೆಸರು. 2014ರ ನವೆಂಬರ್ 1ರಂದು ಆಂಗ್ಲ ಬರಹದಲ್ಲಿಯೂ ಬೆಂಗಳೂರು ಎಂಬ ರೂಪವೇ ಅಧಿಕೃತವಾದಾಗ ಫಲಕಗಳು ಬದಲಾದವು, ಆದರೆ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ ಬಿಎಲ್‌ಆರ್ ಎಂದೇ ಉಳಿಯಿತು. ಫಲಕ ತೋರುಹೆಸರು, ಬಿಎಲ್‌ಆರ್ ಗುರುತು. ಗುರುತನ್ನು ತೋರುಹೆಸರಿನಂತೆ ಪದೇಪದೇ ಬದಲಿಸಿದಾಗಲೂ ತೋರುಹೆಸರನ್ನೇ ಗುರುತೆಂದು ನೆಚ್ಚಿದಾಗಲೂ ತಂತ್ರಾಂಶಗಳ ಲೋಕದಲ್ಲಿ ಗೊಂದಲ ಹುಟ್ಟಿದೆ.

ಲಿನಕ್ಸ್‌ನಲ್ಲಿ ಹೆಸರುಗಳು ನಡೆದುಬಂದ ದಾರಿ

ಯೂನಿಕ್ಸ್ ಪರಂಪರೆಯಲ್ಲಿ ಬಹುತೇಕ ಸಾಧನಗಳು ಕಡತಗಳಂತೆ ಕಾಣಿಸಿಕೊಳ್ಳುತ್ತವೆ. ಲಿನಕ್ಸ್ ತಿರುಳು ಮೊದಲು ಕಂಡ ಡಿಸ್ಕಿಗೆ ಎಸ್‌ಡಿಎ, ಎರಡನೆಯದಕ್ಕೆ ಎಸ್‌ಡಿಬಿ ಎಂದೂ ಮೊದಲು ಕಂಡ ತಂತಿಜಾಲದ ಕಾರ್ಡಿಗೆ ಈಥ್0, ಎರಡನೆಯದಕ್ಕೆ ಈಥ್1 ಎಂದೂ ಹೆಸರಿಡುತ್ತಿತ್ತು. ಒಂದೇ ಡಿಸ್ಕು, ಒಂದೇ ಕಾರ್ಡು ಇದ್ದ ಕಾಲಕ್ಕೆ ಇದು ಸಾಕಾಗಿತ್ತು. ನಾಲ್ಕಾರು ಕಾರ್ಡುಗಳಿರುವ ಸರ್ವರುಗಳು ಬಂದ ಮೇಲೆ, ತಿರುಳು ಯಾವುದನ್ನು ಮೊದಲು ಕಾಣುತ್ತದೆ ಎಂಬುದು ಪ್ರತಿ ಸಲ ಗಣಕ ಚಾಲೂ ಆದಾಗಲೂ ಬೇರೆಯಾಗುವ ಸಾಧ್ಯತೆ ತಲೆದೋರಿ, ನಿನ್ನೆ ಹೊರಜಾಲಕ್ಕೆ ಜೋಡಿಸಿದ್ದ ಈಥ್0 ಇಂದು ಒಳಜಾಲದ ಕಾರ್ಡಿನ ಹೆಸರಾಗಿಬಿಡುವ ಅಪಾಯ ಉಂಟಾಯಿತು. 2003ರಲ್ಲಿ ಬಂದ ಯುಡೆವ್ ಎಂಬ ವ್ಯವಸ್ಥೆ ಸಾಧನದ ಗುಣಲಕ್ಷಣಗಳನ್ನು ನೋಡಿ ಹೆಸರು ಕೊಡುವ ಕೆಲಸವನ್ನು ತಿರುಳಿನಿಂದ ಹೊರಕ್ಕೆ ತಂದಿತು. ಡಿಸ್ಕುಗಳ ವಿಷಯದಲ್ಲಿ ಅದು ಹಳೆಯ ಹೆಸರನ್ನು ಅಳಿಸದೆ, ಡಿಸ್ಕಿನ ಕ್ರಮಸಂಖ್ಯೆಯಿಂದಲೋ ಅದರ ಮೇಲಿನ ಕಡತವ್ಯವಸ್ಥೆಯ ವಿಶಿಷ್ಟ ಸಂಖ್ಯೆಯಿಂದಲೋ ಕರೆಯಬಹುದಾದ ಪರ್ಯಾಯ ಹೆಸರುಗಳನ್ನು ಜೊತೆಗೆ ಸೇರಿಸಿತು. ಈ ಸಮಸ್ಯೆಗೆ ಸಿಕ್ಕ ಪರಿಹಾರಗಳಲ್ಲಿ ಇದು ಅತ್ಯಂತ ಸೌಮ್ಯವಾದುದು. ಹಳೆಯದನ್ನು ನಂಬಿದವರಿಗೆ ತೊಂದರೆಯಾಗಲಿಲ್ಲ, ಹೊಸದು ಬೇಕಾದವರಿಗೆ ದಾರಿ ಸಿಕ್ಕಿತು.

ನೆಟ್‌ವರ್ಕ್ ಕಾರ್ಡುಗಳ ವಿಷಯದಲ್ಲಿ ದಾರಿ ಅಷ್ಟು ನೇರವಾಗಿರಲಿಲ್ಲ. ಡೆಲ್ ಸಂಸ್ಥೆ ರೂಪಿಸಿದ ಬಯೋಸ್‌ಡೆವ್‌ನೇಮ್ ಎಂಬ ತಂತ್ರಾಂಶವನ್ನು ಫೆಡೋರಾ 2011ರಲ್ಲಿ ತನ್ನ 15ನೆಯ ಆವೃತ್ತಿಯಲ್ಲಿ ಬಳಕೆಗೆ ತಂದು, ಮದರ್‌ಬೋರ್ಡಿನಲ್ಲೇ ಇರುವ ಕಾರ್ಡಿಗೆ ಇಎಂ1 ಎಂಬ ಬಗೆಯ ಹೆಸರು ಕೊಟ್ಟಿತು. ಫ್ರೀಬಿಎಸ್‌ಡಿ ಎಂಬ ಸೋದರ ವ್ಯವಸ್ಥೆಯಲ್ಲಿ ಅದೇ ಇಎಂ ಎಂಬ ಅಕ್ಷರಗಳು ಇಂಟೆಲ್ ಕಾರ್ಡುಗಳ ಚಾಲಕ ತಂತ್ರಾಂಶದ ಹೆಸರು. ಅಲ್ಲಿ ಇಎಂ0 ಎಂದರೆ ಯಾರು ಮಾಡಿದ ಕಾರ್ಡು ಎಂಬುದನ್ನು ಹೇಳುತ್ತದೆ, ಇಲ್ಲಿ ಇಎಂ1 ಎಂದರೆ ಕಾರ್ಡು ಎಲ್ಲಿದೆ ಎಂಬುದನ್ನು ಹೇಳುತ್ತದೆ. 2013ರ ಜನವರಿಯಲ್ಲಿ, ಲಿನಕ್ಸ್ ವ್ಯವಸ್ಥೆಯ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿ ಎಂಬ ತಂತ್ರಾಂಶ ತನ್ನ 197ನೆಯ ಆವೃತ್ತಿಯಲ್ಲಿ ಇಎನ್‌ಪಿ3ಎಸ್0 ಎಂಬಂಥ ಹೆಸರುಗಳನ್ನು ತಂದಿತು. ಮೊದಲ ಎರಡು ಅಕ್ಷರಗಳು ಈಥರ್ನೆಟ್ ಎಂಬುದನ್ನೂ ಮುಂದಿನವು ಪಿಸಿಐ ಮಾರ್ಗದ ಸಂಖ್ಯೆ 3, ಗೂಡಿನ ಸಂಖ್ಯೆ 0 ಎಂಬುದನ್ನೂ ಸೂಚಿಸುವುದರಿಂದ, ಕಾರ್ಡು ಕುಳಿತ ಜಾಗ ಬದಲಾಗದಿದ್ದರೆ ಹೆಸರೂ ಬದಲಾಗುವುದಿಲ್ಲ. ಓದಲು ಕಠಿಣವಾದರೂ ಹೆಸರಿನ ಆಧಾರ ಯಾವುದೆಂದು ಇಲ್ಲಿ ಸ್ಪಷ್ಟ. ಹೆಸರು ಕಟ್ಟುವ ನಿಯಮಗಳು ಮುಂದೆಯೂ ಸೂಕ್ಷ್ಮವಾಗಿ ಬದಲಾಗುತ್ತ ಹೋದದ್ದರಿಂದ ಕಡೆಗೆ ಆ ನಿಯಮಾವಳಿಗಳಿಗೇ ಆವೃತ್ತಿಸಂಖ್ಯೆ ಕೊಟ್ಟು, ಇಂಥ ಆವೃತ್ತಿಯ ನಿಯಮದಂತೆಯೇ ಹೆಸರಿಡು ಎಂದು ಗೊತ್ತುಪಡಿಸುವ ಅವಕಾಶ ಕಲ್ಪಿಸಬೇಕಾಯಿತು.

ಮೊಬೈಲ್ ಫೋನುಗಳಲ್ಲಿ ಮಾರಾಟದ ಹೆಸರು, ಮಾದರಿಸಂಖ್ಯೆ, ತಯಾರಕರ ಒಳಹೆಸರು ಎಂದು ಮೂರು ಪದರಗಳಿವೆ. 2018ರಲ್ಲಿ ಬಂದ ಒನ್‌ಪ್ಲಸ್ 6 ಫೋನಿನ ಮಾದರಿಸಂಖ್ಯೆಗಳು ಎ6000, ಎ6003 ಎಂದು ದೇಶಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ ಎಂಚಿಲಾಡಾ ಎಂಬ ಒಳಹೆಸರು ಒಂದೇ. ಫೋನುಗಳ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಲೀನಿಯೇಜ್ ಓಎಸ್ ಅದನ್ನು ಎಂಚಿಲಾಡಾ ಎಂದಷ್ಟೇ ಕರೆದರೆ, ಪೋಸ್ಟ್‌ಮಾರ್ಕೆಟ್ ಓಎಸ್ ತಯಾರಕರ ಹೆಸರನ್ನು ಮುಂದಿಟ್ಟು ಒನ್‌ಪ್ಲಸ್-ಎಂಚಿಲಾಡಾ ಎನ್ನುತ್ತದೆ, ಲಿನಕ್ಸ್ ತಿರುಳಿನ ಕಡತ ಅದರ ಮುಂದೆ ಚಿಪ್ಪಿನ ಹೆಸರನ್ನೂ ಸೇರಿಸಿ ಎಸ್‌ಡಿಎಂ845-ಒನ್‌ಪ್ಲಸ್-ಎಂಚಿಲಾಡಾ ಎನ್ನುತ್ತದೆ. ಮೂರೂ ಹೆಸರು ಬೇರೆಯಾದರೂ ಕೊನೆಯ ಪದ ಒಂದೇ ಆಗಿರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ತಯಾರಕರ ಹೆಸರು ಮೊದಲು, ಅಲ್ಪವಿರಾಮದ ನಂತರ ಸಾಧನದ ಹೆಸರು ಎಂಬ, ಯಂತ್ರಭಾಗಗಳನ್ನು ತಿರುಳಿಗೆ ವಿವರಿಸುವ ಡಿವೈಸ್ ಟ್ರೀ ಕಡತಗಳ ಕ್ರಮವನ್ನು ಲಿನಕ್ಸ್ ಮಾತ್ರವಲ್ಲದೆ ಯು-ಬೂಟ್, ಫ್ರೀಬಿಎಸ್‌ಡಿ, ಜೆಫಿರ್ ಯೋಜನೆಗಳೂ ಅನುಸರಿಸುತ್ತವೆ. ಇದರ ಬೇರು 1994ರ ಓಪನ್ ಫರ್ಮ್‌ವೇರ್ ಮಾನಕದಲ್ಲಿದೆ.

ಕನ್ನಡದ ಕೀಲಿವಿನ್ಯಾಸಗಳು

ಕರ್ನಾಟಕದ ಬಳಕೆದಾರರಿಗೆ ಹೆಸರಿನ ಈ ಗೊಂದಲ ನೇರವಾಗಿ ಎದುರಾಗುವುದು ಕೀಲಿಮಣೆಯಲ್ಲಿ. ಅಂಗಡಿಯಲ್ಲಿ ಸಿಗುವ ಕೀಲಿಮಣೆ ಒಂದೇ ಬಗೆಯದು. ಅದರ ಗುಂಡಿಗಳ ಮೇಲೆ ಅಚ್ಚಾಗಿರುವುದು ರೋಮನ್ ಅಕ್ಷರಗಳು. ಯಾವ ಗುಂಡಿ ಒತ್ತಿದರೆ ಯಾವ ಕನ್ನಡ ಅಕ್ಷರ ಬರಬೇಕೆಂಬುದನ್ನು ನಿರ್ಧರಿಸುವುದು ತಂತ್ರಾಂಶದೊಳಗಿನ ಕೀಲಿವಿನ್ಯಾಸವಾದ್ದರಿಂದ, ಬಳಕೆದಾರರ ಪಾಲಿಗೆ ವಿನ್ಯಾಸವೇ ಕೀಲಿಮಣೆ. ಅದನ್ನು ಆರಿಸಿಕೊಳ್ಳಲು ಅವರಿಗೆ ಸಿಗುವುದು ಪಟ್ಟಿಯಲ್ಲಿನ ಒಂದು ಹೆಸರು ಮಾತ್ರ.

ಕನ್ನಡಕ್ಕೆ ಮುಖ್ಯವಾಗಿ ಮೂರು ಪರಂಪರೆಗಳಿವೆ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಗೊತ್ತುಪಡಿಸಿದ ಇನ್‌ಸ್ಕ್ರಿಪ್ಟ್ ಮೊದಲನೆಯದು. ಇದರಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಬಹುಮಟ್ಟಿಗೆ ಬಲಗೈಗೂ ಸೇರಿವೆ, ಮತ್ತು ಒಂದು ಧ್ವನಿಗೆ ಎಲ್ಲ ಭಾರತೀಯ ಲಿಪಿಗಳಲ್ಲೂ ಒಂದೇ ಗುಂಡಿ ಇರುವುದರಿಂದ ಕನ್ನಡದಲ್ಲಿ ಕಲಿತ ಬೆರಳು ತೆಲುಗಿನಲ್ಲೂ ಹಿಂದಿಯಲ್ಲೂ ಹಾಗೆಯೇ ಓಡುತ್ತದೆ. ಎರಡನೆಯದು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಸಿದ್ಧಪಡಿಸಿ ಉಚಿತವಾಗಿ ಹಂಚಿದ ಸೇಡಿಯಾಪು ತಂತ್ರಾಂಶದಲ್ಲಿ ಬಳಕೆಗೆ ಬಂದ ಈ ತರ್ಕ ಮುಂದೆ ಕನ್ನಡ ಗಣಕ ಪರಿಷತ್ತಿನ ಮೂಲಕ ಕೆಲವು ಮಾರ್ಪಾಡುಗಳೊಂದಿಗೆ ರಾಜ್ಯ ಸರ್ಕಾರದ ಮಾನಕವಾಯಿತು, ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳ ಮೇಜುಮೇಜಿಗೂ ತಲುಪಿತು. ಕನ್ನಡ ಗಣಕದ ಇತಿಹಾಸದಲ್ಲಿ ಇಷ್ಟು ಕೈಗಳಿಗೆ ಒಗ್ಗಿಹೋದ ವಿನ್ಯಾಸ ಬೇರೊಂದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ರಾವ್ ಅವರಿಗೆ ನಾಡೋಜ ಗೌರವ ನೀಡಿದ್ದು ಉಚಿತವೇ ಆಗಿತ್ತು. ಮೂರನೆಯದು ಲಿಪ್ಯಂತರಣ: ಕನ್ನಡದ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಪೂರ್ತಿ ಬರೆಯುತ್ತ ಹೋದರೆ ಕನ್ನಡ ಮೂಡುವ ಕ್ರಮ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ತಂತ್ರಾಂಶ ಇದನ್ನು ಮನೆಮಾತಾಗಿಸಿತು. ಮುಕ್ತ ತಂತ್ರಾಂಶಗಳಲ್ಲಿ ಐಟ್ರಾನ್ಸ್ ಮೊದಲಾದ ಹೆಸರಿನಲ್ಲಿ ಇದರ ಬೇರೆಬೇರೆ ರೂಪಗಳಿವೆ.

ಈ ಮೂರರ ವ್ಯತ್ಯಾಸವನ್ನು ಬೇಗೂರು ಎಂಬ ಪದವನ್ನೇ ಟೈಪಿಸಿ ನೋಡಬಹುದು. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಬೇಕಾದ ಗುಂಡಿಗಳು ಕ್ರಮವಾಗಿ ವೈ, ಎಸ್, ಐ, ಟಿ, ಜೆ, ಜಿ. ರೋಮನ್ ಅಕ್ಷರಗಳಾಗಿ ಓದಿದರೆ ಇದಕ್ಕೆ ಅರ್ಥವಿಲ್ಲ, ಆದರೆ ಬಕಾರ, ಏಕಾರದ ಚಿಹ್ನೆ, ಗಕಾರ, ಊಕಾರದ ಚಿಹ್ನೆ, ರಕಾರ, ಉಕಾರದ ಚಿಹ್ನೆ ಎಂಬ ಆರು ಹೆಜ್ಜೆಗಳು ಅಲ್ಲಿವೆ. ನುಡಿಯಲ್ಲಿ ಅವೇ ಆರು ಹೆಜ್ಜೆಗಳಿಗೆ ಬಿ, ದೊಡ್ಡ ಇ, ಜಿ, ದೊಡ್ಡ ಯು, ಆರ್, ಯು ಎಂಬ ಗುಂಡಿಗಳು. ಬರಹದ ಲಿಪ್ಯಂತರಣದಲ್ಲಿಯೂ ಈ ಪದಕ್ಕೆ ಒತ್ತುವುದು ಅವೇ ಆರು ಗುಂಡಿಗಳನ್ನು. ಇಲ್ಲಿಗೆ ನಿಲ್ಲಿಸಿದರೆ ಎರಡನೆಯದೂ ಮೂರನೆಯದೂ ಒಂದೇ ಎಂದು ತೋರುತ್ತದೆ. ಆದರೆ ಕನ್ನಡ ಎಂಬ ಪದಕ್ಕೆ ಬಂದೊಡನೆ ದಾರಿ ಕವಲೊಡೆಯುತ್ತದೆ: ಲಿಪ್ಯಂತರಣದಲ್ಲಿ ಪ್ರತಿ ಅಕಾರಕ್ಕೂ ಎ ಒತ್ತುತ್ತ ಕೆ, ಎ, ಎನ್, ಎನ್, ಎ, ದೊಡ್ಡ ಡಿ, ಎ ಎಂದು ಏಳು ಗುಂಡಿಗಳಾದರೆ, ನುಡಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದೇ ಸಾಕು. ಅಲ್ಲಿ ವ್ಯಂಜನ ತನ್ನ ಅಕಾರವನ್ನು ಹೊತ್ತುಕೊಂಡೇ ಬರುತ್ತದೆ, ಒತ್ತಕ್ಷರ ಬೇಕೆಂದಾಗ ಮಾತ್ರ ಎಫ್ ಗುಂಡಿ ಅದನ್ನು ಕಳೆಯುತ್ತದೆ, ಡಕಾರಕ್ಕೆ ಡಬ್ಲ್ಯು ಎಂಬ ಪ್ರತ್ಯೇಕ ಮನೆಯಿದೆ. ಕನ್ನಡದ ಅಕ್ಷರಸ್ವಭಾವವನ್ನು ಅರಿತು ಮಾಡಿದ ವಿನ್ಯಾಸ ಇದೆಂಬುದು ಈ ಐದು ಗುಂಡಿಗಳಲ್ಲೇ ಕಾಣುತ್ತದೆ.

ಒಂದು ವಿನ್ಯಾಸ, ಹಲವು ಹೆಸರು

ಕೆ.ಪಿ. ರಾವ್ ಅವರ ವಿನ್ಯಾಸ ಮುಕ್ತ ತಂತ್ರಾಂಶಗಳನ್ನು ಸೇರಿದಾಗ ಅದಕ್ಕೆ ಸಿಕ್ಕ ಹೆಸರುಗಳು ಹಲವು. ಗುಂಡಿಗಳ ಮೂಲನಕ್ಷೆಯನ್ನು ನೋಡಿಕೊಳ್ಳುವ ಎಕ್ಸ್‌ಕೆಬಿ ಯೋಜನೆಯಲ್ಲಿ ಅದರ ಗುರುತು ಭಾಷೆಗೆ ಮೂರಕ್ಷರದ ಸಂಕೇತ ಬಳಸಿ ಕೆಎಎನ್-ಕಗಪ ಎಂದಿದೆ, ತೋರುಹೆಸರಿನಲ್ಲಿ ಕಗಪ ಎಂಬುದರ ಜೊತೆಗೆ ಫೊನೆಟಿಕ್ ಎಂಬ ವಿವರಣೆ ಇದೆ. ಹಲವು ಭಾಷೆಗಳ ಬರವಣಿಗೆ ವಿಧಾನಗಳನ್ನು ಒಂದೆಡೆ ಕೂಡಿಸಿದ ಎಂ17ಎನ್ ಭಂಡಾರದಲ್ಲಿ ಭಾಷೆಗೆ ಎರಡಕ್ಷರದ ಸಂಕೇತ ಬಳಸಿ ಕೆಎನ್-ಕೆಜಿಪಿ ಎಂದಿದೆ. ವಿಕಿಪೀಡಿಯದಲ್ಲಿ ಕನ್ನಡ ಟೈಪಿಸಲು ನೆರವಾಗುವ ಜೆಕ್ವೆರಿ.ಐಎಂಇ ಅದೇ ಗುರುತನ್ನು ಉಳಿಸಿಕೊಂಡು, ತೋರುಹೆಸರಿನಲ್ಲಿ ಕೆಜಿಪಿ, ನುಡಿ, ಕೆಪಿ ರಾವ್ ಎಂಬ ಮೂರನ್ನೂ ಒಂದರ ಪಕ್ಕ ಒಂದು ಬರೆದಿದೆ. ಎಂ17ಎನ್ ಭಂಡಾರವನ್ನು ಬಳಕೆದಾರರಿಗೆ ಒದಗಿಸುವ ಐಬಸ್ ಎಂಬ ತಂತ್ರಾಂಶ ಭಂಡಾರ, ಭಾಷೆ, ವಿನ್ಯಾಸಗಳ ನಡುವೆ ವಿವರಣಚಿಹ್ನೆ ಇಟ್ಟು ಎಂ17ಎನ್:ಕೆಎನ್:ಕೆಜಿಪಿ ಎಂದರೆ, ಅದೇ ಕೆಲಸದ ಎಫ್‌ಸಿಐಟಿಎಕ್ಸ್ ಆ ಮೂರರ ನಡುವೆ ಅಡಿಗೆರೆ ಎಳೆಯುತ್ತದೆ. ಕ, ಗ, ಪ ಎಂಬ ಮೂರು ಅಕ್ಷರಗಳು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಅವನ್ನೇ ಆಂಗ್ಲದ ಮೊದಲಕ್ಷರಗಳಾಗಿ ಓದಿದಾಗ ಕೆಜಿಪಿ. ಹೀಗೆ ಕಗಪ ಮತ್ತು ಕೆಜಿಪಿ ಒಂದೇ ಸಂಸ್ಥೆಯ ಹೆಸರಿನ ಎರಡು ಓದು ಎಂಬುದು ಕನ್ನಡ ಬಲ್ಲವರಿಗೆ ಒಡನೆ ತಿಳಿಯುತ್ತದೆ, ಆದರೆ ಈ ಎರಡು ಯೋಜನೆಗಳನ್ನು ಬೆಸೆಯುವ ಯಾವ ತಂತ್ರಾಂಶಕ್ಕೂ ತಿಳಿಯುವುದಿಲ್ಲ.

ಹೆಸರು ಬೇರೆಯಾಗಿ ವಸ್ತು ಒಂದೇ ಆಗಿರುವುದು ಒಂದು ತೊಂದರೆಯಾದರೆ, ಹೆಸರು ಒಂದೇ ಆಗಿ ವಸ್ತು ಬೇರೆಯಾಗಿರುವುದು ಅದಕ್ಕಿಂತ ದೊಡ್ಡದು. ಎಂ17ಎನ್ ಹಿಂದಿನ ಅಕ್ಷರವನ್ನು ನೋಡಿ ಮುಂದಿನದನ್ನು ನಿರ್ಧರಿಸಬಲ್ಲುದು. ಪದದ ಆರಂಭದಲ್ಲಿ ಐ ಒತ್ತಿದರೆ ಇ ಎಂಬ ಸ್ವರವನ್ನೂ ವ್ಯಂಜನದ ನಂತರ ಒತ್ತಿದರೆ ಗುಡಿಸನ್ನೂ ಕೊಡುತ್ತದೆ. ಎಕ್ಸ್‌ಕೆಬಿಗೆ ಆ ನೆನಪಿಲ್ಲ. ಒಂದು ಗುಂಡಿಯ ಒಂದು ಹಂತಕ್ಕೆ ಒಂದೇ ಅಕ್ಷರ ಎಂಬ ಅದರ ನಿಯಮದಿಂದಾಗಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆಬೇರೆ ಹಂತಗಳನ್ನು ಗೊತ್ತುಮಾಡಬೇಕಾಗುತ್ತದೆ. ವರ್ಷಗಟ್ಟಲೆ ನುಡಿಯಲ್ಲಿ ಕೈ ಪಳಗಿಸಿಕೊಂಡ ಗುಮಾಸ್ತರೊಬ್ಬರು ಲಿನಕ್ಸ್‌ಗೆ ಬಂದು ಕಗಪ ಎಂಬ ಹೆಸರನ್ನು ಕಂಡು ಸಂತೋಷದಿಂದ ಆರಿಸಿಕೊಂಡರೆ, ವ್ಯಂಜನಗಳೆಲ್ಲ ಪರಿಚಿತ ಜಾಗದಲ್ಲೇ ಸಿಕ್ಕರೂ ಸ್ವರದಲ್ಲಿ ಕೈ ತಪ್ಪುತ್ತದೆ, ಅವರು ದೂರುವುದು ಲಿನಕ್ಸನ್ನು. ಎರಡಕ್ಕೂ ಒಂದೇ ಹೆಸರನ್ನು ಬಳಸುವಾಗ ಈ ಭೇದವನ್ನು ತೋರುಹೆಸರಿನಲ್ಲೇ ಹೇಳಬೇಕಾದುದು ನ್ಯಾಯ.

ಬರಿಯ ಕನ್ನಡ ಎಂಬ ಹೆಸರಿನದು ಇನ್ನೊಂದು ಕಥೆ. ಎಕ್ಸ್‌ಕೆಬಿಯಲ್ಲಿಯೂ ವಿಂಡೋಸ್‌ನಲ್ಲಿಯೂ ಯಾವ ವಿಶೇಷಣವೂ ಇಲ್ಲದೆ ಕನ್ನಡ ಎಂದಷ್ಟೇ ಇರುವ ವಿನ್ಯಾಸ ಇನ್‌ಸ್ಕ್ರಿಪ್ಟ್ ಆಗಿದೆ. ಐಬಸ್ ಅದನ್ನು ಎಕ್ಸ್‌ಕೆಬಿ:ಐಎನ್:ಕೆಎಎನ್:ಕೆಎಎನ್ ಎಂದು ಗುರುತಿಸುತ್ತದೆ, ಇದರಲ್ಲಿ ಐಎನ್ ದೇಶವನ್ನೂ ಮೊದಲ ಕೆಎಎನ್ ವಿನ್ಯಾಸವನ್ನೂ ಎರಡನೆಯದು ಭಾಷೆಯನ್ನೂ ಸೂಚಿಸುತ್ತವೆ. ಕೇಂದ್ರ ಸರ್ಕಾರದ ಮಾನಕವನ್ನು ಹಿಡಿದವರಿಗೆ ಇದು ಸಹಜವೇ. ಆದರೆ ಕರ್ನಾಟಕ ಸರ್ಕಾರದ ಮಾನಕ ಬೇರೆಯಾಗಿರುವಾಗ ವಿಶೇಷಣವಿಲ್ಲದ ಹೆಸರನ್ನು ಒಂದಕ್ಕೆ ಬಿಟ್ಟುಕೊಟ್ಟು ಇನ್ನೊಂದನ್ನು ಫೊನೆಟಿಕ್ ಎಂದು ಪಕ್ಕಕ್ಕಿಟ್ಟದ್ದು ಸರಿಯಾದ ಹೆಸರಿಡುವಿಕೆಯಲ್ಲ. ಫೊನೆಟಿಕ್ ಎಂಬ ಮಾತೂ ಇಲ್ಲಿ ಉಪಕಾರಿಯಾಗಿಲ್ಲ: ಜನಬಳಕೆಯಲ್ಲಿ ಲಿಪ್ಯಂತರಣವನ್ನೂ ಕಗಪವನ್ನೂ ಆ ಪದದಿಂದಲೇ ಕರೆಯುತ್ತಾರೆ, ಧ್ವನಿಗೊಂದು ಗುಂಡಿ ಎಂಬ ಅರ್ಥದಲ್ಲಿ ನೋಡಿದರೆ ಇನ್‌ಸ್ಕ್ರಿಪ್ಟ್ ಕೂಡ ಧ್ವನ್ಯಾತ್ಮಕವೇ. ಗುಣವನ್ನು ಹೇಳುವ ಹೆಸರು ಹಲವಕ್ಕೆ ಅಂಟಿಕೊಳ್ಳುತ್ತದೆ, ಮೂಲವನ್ನು ಹೇಳುವ ಹೆಸರು ಒಂದಕ್ಕೇ ನಿಲ್ಲುತ್ತದೆ. ನುಡಿ ಎಂಬುದು ಜನರ ಬಾಯಲ್ಲಿರುವ ಹೆಸರಾದರೂ ಅದು ತಂತ್ರಾಂಶದ ಹೆಸರೇ ಹೊರತು ವಿನ್ಯಾಸದ್ದಲ್ಲ. ಆದ್ದರಿಂದ ಕಗಪ ಎಂಬುದೇ ಇರುವುದರಲ್ಲಿ ಉತ್ತಮವಾದ ಗುರುತು.

ಆ ಹೆಸರು ಕನ್ನಡದ ಗಡಿಯನ್ನೂ ದಾಟಿದೆ. ಎಕ್ಸ್‌ಕೆಬಿಯಲ್ಲಿ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ತರ್ಕದ ವಿನ್ಯಾಸಗಳು ಸೇರಿದಾಗ ಅವಕ್ಕೆಲ್ಲ ಕಗಪ ಎಂಬ ಹೆಸರೇ ಉಳಿಯಿತು. ವಾರಾಣಸಿಯಲ್ಲಿ ಕುಳಿತು ಸಂಸ್ಕೃತ ಟೈಪಿಸುವವರ ಪಟ್ಟಿಯಲ್ಲೂ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿವೆ. ಭಾಷೆಯ ಸಂಕೇತ ಮೊದಲು, ವಿನ್ಯಾಸದ ಹೆಸರು ನಂತರ ಎಂಬ ಒಂದೇ ಕ್ರಮದಲ್ಲಿ ಐದು ಭಾಷೆಗಳಿಗೂ ಹೆಸರಿಟ್ಟಿರುವ ಈ ಭಾಗ, ಏಕರೂಪ ಹೆಸರಿಡುವಿಕೆ ಹೇಗಿರಬೇಕು ಎಂಬುದಕ್ಕೆ ಎಕ್ಸ್‌ಕೆಬಿಯೊಳಗೇ ಸಿಗುವ ಒಳ್ಳೆಯ ಮಾದರಿ.

ಭಾಷೆಯ ಸಂಕೇತ, ಲಿಪಿಯ ಸಂಕೇತ

ಕೆಎನ್, ಕೆಎಎನ್ ಎಂಬ ಎರಡು ರೂಪಗಳು ಏಕೆ ಎಂಬ ಪ್ರಶ್ನೆಗೆ ಉತ್ತರ ಅಂತರರಾಷ್ಟ್ರೀಯ ಮಾನಕಗಳಲ್ಲಿದೆ. ಭಾಷೆಗಳ ಮಾನಕವಾದ ಐಎಸ್‌ಓ 639ರ ಮೊದಲ ಭಾಗ ಕನ್ನಡಕ್ಕೆ ಕೆಎನ್ ಎಂಬ ಎರಡಕ್ಷರವನ್ನೂ ಎರಡನೆಯ ಮತ್ತು ಮೂರನೆಯ ಭಾಗಗಳು ಕೆಎಎನ್ ಎಂಬ ಮೂರಕ್ಷರವನ್ನೂ ಕೊಟ್ಟಿವೆ. ಲಿಪಿಗಳ ಮಾನಕವಾದ ಐಎಸ್‌ಓ 15924 ಕನ್ನಡ ಲಿಪಿಗೆ ಕೆಎನ್‌ಡಿಎ ಎಂಬ ನಾಲ್ಕಕ್ಷರವನ್ನೂ 345 ಎಂಬ ಸಂಖ್ಯೆಯನ್ನೂ ಕೊಟ್ಟಿದೆ. ಯಾವುದೂ ತಪ್ಪಲ್ಲ, ಆದರೆ ಒಂದೊಂದು ಯೋಜನೆ ಒಂದೊಂದನ್ನು ಹಿಡಿದಿದೆ: ಅನುವಾದದ ಕಡತಗಳು, ಕಾಗುಣಿತ ಪರೀಕ್ಷಕಗಳು ಕೆಎನ್ ಎಂದೂ ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಕೆಎಎನ್ ಎಂದೂ ಬಳಸುತ್ತವೆ. ರೆಡ್‌ಹ್ಯಾಟ್ ಹೊರತಂದ ಲೋಹಿತ್ ಎಂಬ ಫಾಂಟನ್ನು ಫೆಡೋರಾ ಲೋಹಿತ್-ಕನ್ನಡ ಎಂದು ಕಟ್ಟಿಕೊಡುತ್ತದೆ, ಡೆಬಿಯನ್ ಲೋಹಿತ್-ಕೆಎನ್‌ಡಿಎ ಎಂದು ಕಟ್ಟಿಕೊಡುತ್ತದೆ. ಫಾಂಟಿನೊಳಗಿನ ಓಪನ್‌ಟೈಪ್ ನಿಯಮಗಳಲ್ಲಂತೂ ಹಳೆಯ ಕೆಎನ್‌ಡಿಎ, ಹೊಸ ಕೆಎನ್‌ಡಿ2 ಎಂಬ ಎರಡು ಲಿಪಿಗುರುತುಗಳಿವೆ.

ಇವುಗಳಲ್ಲಿ ಡೆಬಿಯನ್ ಹಿಡಿದ ದಾರಿ ಹೆಚ್ಚು ಸಮಂಜಸವಾದುದು. ಫಾಂಟು ಲಿಪಿಗೆ ಸೇರಿದ್ದೇ ಹೊರತು ಭಾಷೆಗೆ ಸೇರಿದ್ದಲ್ಲ. ತುಳು, ಕೊಡವ, ಬ್ಯಾರಿ ಬರಹಗಳಿಗೂ ಕರ್ನಾಟಕದ ಕೊಂಕಣಿಗೂ ಕನ್ನಡ ಲಿಪಿಯೇ ಬಳಕೆಯಲ್ಲಿದ್ದು, ಕಾಸರಗೋಡಿನಲ್ಲಿ ತುಳು ಬರೆಯುವವರಿಗೆ ಬೇಕಾದ ಫಾಂಟೂ ಬೇಗೂರಿನಲ್ಲಿ ಕನ್ನಡ ಬರೆಯುವವರಿಗೆ ಬೇಕಾದ ಫಾಂಟೂ ಒಂದೇ. ಕೀಲಿವಿನ್ಯಾಸಕ್ಕೂ ಇದೇ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ತುಳುವಿಗೆ ಟಿಸಿವೈ ಎಂಬ ಪ್ರತ್ಯೇಕ ಭಾಷಾಸಂಕೇತವಿದೆ, 2016ರಿಂದ ಆ ಸಂಕೇತದಡಿಯಲ್ಲಿ ತುಳು ವಿಕಿಪೀಡಿಯವೂ ಇದೆ. ವಿನ್ಯಾಸದ ಗುರುತು ಭಾಷೆಯೊಂದಕ್ಕೇ ಕಟ್ಟಿಹಾಕಿಕೊಂಡಿದ್ದರೆ ತುಳುವಿನ ಬಳಕೆದಾರರು ತಮ್ಮ ಭಾಷೆಯ ಹೆಸರಿನಡಿ ಹುಡುಕಿ ಏನೂ ಕಾಣದೆ ಕನ್ನಡದ ಹೆಸರಿನಡಿ ಅದನ್ನು ಕಂಡುಕೊಳ್ಳಬೇಕಾಗುತ್ತದೆ.

ಒಮ್ಮತದ ಪ್ರಯತ್ನಗಳು

ಭಾಷೆಗೂ ಲಿಪಿಗೂ ಜಾಗತಿಕ ದಾಖಲೆಪುಸ್ತಕವಿದ್ದಂತೆ ಕೀಲಿವಿನ್ಯಾಸಗಳಿಗೆ ಎಲ್ಲ ಯೋಜನೆಗಳೂ ಒಪ್ಪಿ ನಡೆಯುವ ದಾಖಲೆಪುಸ್ತಕವಿಲ್ಲದಿರುವುದೇ ಈ ಗೊಂದಲದ ಮೂಲ. 2012ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6497 ಎಂಬ ದಸ್ತಾವೇಜು ಭಾಷಾಸಂಕೇತಕ್ಕೆ ಬಾಲಂಗೋಚಿಯಾಗಿ ಕೀಲಿವಿನ್ಯಾಸದ ಹೆಸರನ್ನು ಸೇರಿಸುವ ಒಂದು ಕ್ರಮಕ್ಕೆ ದಾರಿ ಮಾಡಿತು. 2024ರಲ್ಲಿ ಹೊರಬಂದ, ಯೂನಿಕೋಡ್ ಒಕ್ಕೂಟದ ಭಾಷಾದತ್ತಾಂಶ ಭಂಡಾರವಾದ ಸಿಎಲ್‌ಡಿಆರ್ 45ನೆಯ ಆವೃತ್ತಿ ಎಲ್ಲ ವೇದಿಕೆಗಳಿಗೂ ಹೊಂದುವ ಕೀಲಿಮಣೆಯ ವಿವರಣಾ ಮಾನಕವನ್ನು ಕೊಟ್ಟಿದೆ. ಕಗಪದಂಥ ವಿನ್ಯಾಸವನ್ನು ಒಮ್ಮೆ ಈ ರೂಪದಲ್ಲಿ ಬರೆದಿಟ್ಟರೆ ಅದನ್ನು ಆಯಾ ಯೋಜನೆಗಳು ತಮ್ಮತಮ್ಮ ರೂಪಕ್ಕೆ ತಂದುಕೊಳ್ಳಬಹುದು, ಹೆಸರೂ ಅದರ ಜೊತೆಯಲ್ಲೇ ಸಾಗಬಹುದು.

ತೋರುಹೆಸರುಗಳ ಕಡೆಯಿಂದ ನಡೆದ ಪ್ರಯತ್ನವೆಂದರೆ ರೆಡ್‌ಹ್ಯಾಟ್ ಆರಂಭಿಸಿದ ಫ್ಯುಯೆಲ್ ಯೋಜನೆ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳಲ್ಲಿ ಪದೇಪದೇ ಬರುವ ಪದಗಳಿಗೆ ಒಂದೊಂದು ಭಾಷೆಯಲ್ಲೂ ಒಪ್ಪಿತವಾದ ಒಂದೇ ಅನುವಾದ ಇರಲಿ ಎಂಬ ಈ ಯೋಜನೆಯ ಪಟ್ಟಿ ಕನ್ನಡಕ್ಕೂ ಇದೆ. ಕೀಬೋರ್ಡು ಮತ್ತು ಕೀಲಿಮಣೆ, ಪ್ರಿಂಟರು ಮತ್ತು ಮುದ್ರಕ ಮತ್ತು ಮುದ್ರಣಯಂತ್ರ ಎಂಬ ಪರ್ಯಾಯಗಳು ಸಾಹಿತ್ಯದಲ್ಲಿ ಸಂಪತ್ತು. ಆದರೆ ಒಂದೇ ಪರದೆಯಲ್ಲಿ ಒಂದು ಕಿಟಕಿ ಮುದ್ರಕ ಎಂದೂ ಇನ್ನೊಂದು ಪ್ರಿಂಟರು ಎಂದೂ ಹೇಳಿದರೆ ಹೊಸಬರು ಅವು ಎರಡು ಸಾಧನಗಳೆಂದು ತಿಳಿಯುತ್ತಾರೆ.

ಹಳೆಯ ಹೆಸರನ್ನು ಕೈಬಿಡದೆ ಹೊಸದನ್ನು ತರುವ ಬಗೆಗೆ ಕಾಲವಲಯಗಳ ದತ್ತಸಂಚಯ ಉತ್ತಮ ನಿದರ್ಶನ. ಭಾರತದ ವೇಳೆಯನ್ನು ಸೂಚಿಸುವ ಏಷ್ಯಾ/ಕಲ್ಕಟ್ಟಾ ಎಂಬ ಗುರುತು ಏಷ್ಯಾ/ಕೋಲ್ಕತಾ ಎಂದು ಬದಲಾದಾಗ ಹಳೆಯದನ್ನು ಪರ್ಯಾಯವಾಗಿ ಉಳಿಸಿಕೊಂಡದ್ದರಿಂದ ಅದನ್ನು ನೆಚ್ಚಿದ್ದ ಯಾವ ತಂತ್ರಾಂಶವೂ ಕೆಡಲಿಲ್ಲ. ಕೆಎನ್-ಕೆಜಿಪಿ, ಕೆಎಎನ್-ಕಗಪಗಳನ್ನು ಒಂದುಗೂಡಿಸುವವರಿಗೂ ಇದೇ ದಾರಿ ಸರಿ.

ಬದಲಾಗದ ಒಂದು ಹೆಸರು

ಗುರುತನ್ನು ಎಂದಿಗೂ ಬದಲಿಸಬಾರದೆಂಬ ನಿಯಮದ ಬೆಲೆ ಏನೆಂಬುದನ್ನು ಕನ್ನಡದ ಒಂದು ಅಕ್ಷರ, ಹಳಗನ್ನಡದ ೞ, ತೋರಿಸಿದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ಕ್ಕೆ ಸೇರಿದ ಶಾಸನ ಬೆಂಗಳೂರಿನ ಕಾಳಗವನ್ನು ಉಲ್ಲೇಖಿಸಿ ಆ ನಗರದ ಹೆಸರಿಗೆ ಸಿಕ್ಕಿರುವ ಅತ್ಯಂತ ಹಳೆಯ ಆಧಾರವೆನಿಸಿದೆ. ಆ ಕಾಲದ ಹಳಗನ್ನಡದಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರಗಳು ಜೀವಂತವಾಗಿದ್ದವು. ಮುಂದೆ ಅವು ರಕಾರ, ಳಕಾರಗಳಲ್ಲಿ ಬೆರೆತುಹೋದವು. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವ ಈ ದಿನಗಳಲ್ಲಿ, ಅಂತಹ ಪಾಠಗಳನ್ನು ಗಣಕಕ್ಕೆ ಏರಿಸುವವರಿಗೆ ಈ ಅಕ್ಷರಗಳು ಮತ್ತೆ ಬೇಕಾಗಿವೆ, ಕೀಲಿವಿನ್ಯಾಸಗಳು ಅವಕ್ಕೆ ಜಾಗ ಕೊಡಬೇಕಾಗಿದೆ.

ಯೂನಿಕೋಡ್ ಮಾನಕದಲ್ಲಿ ೞ ಅಕ್ಷರದ ಸ್ಥಾನ 0ಸಿಡಿಇ. ಅದಕ್ಕೆ ಕೊಡಬೇಕಾಗಿದ್ದ ಹೆಸರು ತಮಿಳು, ಮಲಯಾಳಗಳಲ್ಲಿನ ಅದೇ ಧ್ವನಿಯ ಅಕ್ಷರಗಳಿಗೆ ಇರುವಂತೆ ಎಲ್‌ಎಲ್‌ಎಲ್‌ಎ. ಆದರೆ ಕನ್ನಡದ ಪಟ್ಟಿ ಸಿದ್ಧವಾಗುವಾಗ ತಪ್ಪಾಗಿ ಎಫ್‌ಎ, ಅಂದರೆ ಫಾರಸಿ, ಆಂಗ್ಲ ಪದಗಳಲ್ಲಿ ಬರುವ ಫ಼ಕಾರ ಎಂದು ನಮೂದಾಯಿತು. ಒಮ್ಮೆ ಕೊಟ್ಟ ಅಕ್ಷರನಾಮವನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಯೂನಿಕೋಡ್ ಒಕ್ಕೂಟದ ಕಟ್ಟುನಿಟ್ಟಿನ ನೀತಿಯಾದ್ದರಿಂದ ಆ ಹೆಸರು ಹಾಗೆಯೇ ನಿಂತಿದೆ; ಪಕ್ಕದಲ್ಲಿ ಎಲ್‌ಎಲ್‌ಎಲ್‌ಎ ಎಂಬುದನ್ನು ತಿದ್ದುಪಡಿಯ ಪರ್ಯಾಯನಾಮವಾಗಿ ಸೇರಿಸಿ, ಮೂಲ ಹೆಸರು ತಪ್ಪೆಂದು ಮಾನಕದಲ್ಲೇ ಟಿಪ್ಪಣಿ ಬರೆಯಲಾಗಿದೆ. ಒಂದು ಲಿಪಿಯನ್ನು ಬಲ್ಲವರು ಹೆಸರಿಡುವ ಹೊತ್ತಿನಲ್ಲಿ ಹತ್ತಿರದಲ್ಲಿ ಇಲ್ಲದಿದ್ದರೆ ಆಗುವ ನಷ್ಟ ಇದು, ಮತ್ತು ಅದನ್ನು ಆಮೇಲೆ ತುಂಬಿಕೊಡಲಾಗುವುದಿಲ್ಲ. 2021ರಲ್ಲಿ ಯೂನಿಕೋಡ್ 14ನೆಯ ಆವೃತ್ತಿಗೆ ಕನ್ನಡದ ಇನ್ನೊಂದು ಹಳೆಯ ಅಕ್ಷರ ಸೇರಿದಾಗ ಅದಕ್ಕೆ ನಕಾರ ಪೊಲ್ಲು ಎಂಬ ಸರಿಯಾದ ಹೆಸರೇ ಸಿಕ್ಕಿತು. ಅದಕ್ಕೆ ಕೊಟ್ಟ ಸ್ಥಾನ 0ಸಿಡಿಡಿ, ತಪ್ಪು ಹೆಸರು ಹೊತ್ತ ೞಕಾರಕ್ಕೆ ಒಂದು ಮನೆ ಹಿಂದೆ.